ಉಡುಗೊರೆ ಮನಸ್ಸಿಗೆ ಮುಟ್ಟಲಿ, ಅಟ್ಟಕ್ಕೆ ಹೋಗದಿರಲಿ

(ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ವಲಯಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿಯ ಬರಹರೂಪ)



ಇವತ್ತು ಉಳಿತಾಯದ ಬಗ್ಗೆ ಮಾತಾಡಬೇಕು ಎಂದು ನನ್ನನ್ನು ಕರೆದಿದ್ದೀರಿ. ನಾನು ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲಿ, ಕಪಾಟಿನ ಮೇಲೆ, ಮಂಚದ ಅಡಿಯಲ್ಲಿ ಬಿಚ್ಚದೇ ಇಟ್ಟ ಉಡುಗೊರೆ ಎಷ್ಟು ಇವೆ? ನಗಬೇಡಿ, ಲೆಕ್ಕ ಹಾಕಿ. ಗೋಡೆ ಗಡಿಯಾರ, ಗಾಜಿನ ಲೋಟದ ಸೆಟ್ಟು, ಪ್ಲಾಸ್ಟಿಕ್ ಹೂದಾನಿ, ಯಾರೂ ಹೊಲಿಸದ ರವಿಕೆ ಕಣ. ಕಳೆದ ವರ್ಷ ನೀವೇ ಕೊಟ್ಟ ರವಿಕೆ ಕಣ ನಾಲ್ಕು ಮನೆ ತಿರುಗಿ ಪುನಃ ನಿಮ್ಮ ಕೈಗೇ ಬಂದದ್ದೂ ಇರಬಹುದು!

ನನ್ನ ಕಪಾಟು ಕೂಡ ಹಾಗೆಯೇ ಇದೆ. ಸಂಘಗಳ ವಾರ್ಷಿಕೋತ್ಸವಕ್ಕೆ ಹೋದಾಗ ನೀವು ಶಾಲು ಹಾಕುತ್ತೀರಿ, ಸ್ಮರಣಿಕೆ ಕೊಡುತ್ತೀರಿ. ನಿಮ್ಮ ಪ್ರೀತಿ ನನಗೆ ಗೊತ್ತಾಗುತ್ತದೆ. ಆದರೆ ಅಷ್ಟು ಶಾಲು ಹಾಕಿಕೊಳ್ಳಲು ನನಗೆ ಹೆಗಲು ಇರುವುದು ಎರಡೇ.

ಇದು ತಮಾಷೆಯ ವಿಷಯವಾಗಿ ಉಳಿದಿದ್ದರೆ ನಾನು ಇಲ್ಲಿ ಹೇಳುತ್ತಿರಲಿಲ್ಲ. ಒಂದು ಸಂಘದಲ್ಲಿ ಒಬ್ಬ ತಂಗಿ "ಗಂಡನ ಮದ್ದಿಗೆ" ಎಂದು 5,000 ರೂಪಾಯಿ ಸಾಲ ಪಡೆದಳು. ಆಮೇಲೆ ಮನೆಭೇಟಿಗೆ ಹೋದಾಗ ಅವಳು ಅತ್ತುಕೊಂಡು ನಿಜ ಹೇಳಿದಳು. ಏಪ್ರಿಲ್, ಮೇ ತಿಂಗಳಲ್ಲಿ ಮೂರು ಮದುವೆ, ಎರಡು ಮನೆ ಒಕ್ಕಲು, ಒಂದು ಸೀಮಂತ. ಎಲ್ಲವೂ ಹತ್ತಿರದ ನೆಂಟರದ್ದು. "ಬರೀ ಕೈಯಲ್ಲಿ ಹ್ಯಾಂಗ್ ಹ್ವಾಪುದ್ ಸಿಸ್ಟರ್? ಜನ ಎಂತ ಹೇಳುದಿಲ್ಲ?" ಎಂದಳು. ಜೂನ್ ಬಂದಾಗ ಮಕ್ಕಳ ಪುಸ್ತಕ, ಕೊಡೆ, ಶಾಲೆಯ ಚೀಲಕ್ಕೆ ಅವಳ ಕೈಯಲ್ಲಿ ಏನೂ ಇರಲಿಲ್ಲ.

ಆ ಸಾಲದ ಲೆಕ್ಕ ನೋಡೋಣ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ. ತಿಂಗಳಿಗೆ 500ರಂತೆ 10 ಕಂತು. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೂ ಒಟ್ಟು ಬಡ್ಡಿ 550 ರೂಪಾಯಿ. ಅಂದರೆ ಇನ್ನೊಂದು ಉಡುಗೊರೆಯ ದುಡ್ಡು ಯಾರ ಕೈಗೂ ಸಿಗದೆ ಹೋಯಿತು.

ಇನ್ನೊಬ್ಬರು ಅಕ್ಕ ಸಾಲ ಮಾಡಲಿಲ್ಲ. ತಂಗಿಯ ಮನೆ ಒಕ್ಕಲಿಗೇ ಹೋಗಲಿಲ್ಲ. ಜ್ವರ ಎಂದು ಹೇಳಿ ಮನೆಯಲ್ಲಿ ಕೂತರು. ತಂಗಿಗೆ ಅಂದು ಹನ್ನೊಂದು ಗಡಿಯಾರ ಬಂದಿತ್ತು, ಅಕ್ಕ ಮಾತ್ರ ಬರಲಿಲ್ಲ. ಕಸ ಎಂದರೆ ಬರೀ ಪ್ಲಾಸ್ಟಿಕ್ ಅಲ್ಲ, ಸಹೋದರಿಯರೇ. ವಸ್ತು ಸಂಬಂಧವನ್ನೇ ದೂರ ಮಾಡಿದರೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ.

ಹಾಗಾದರೆ ಮುಯ್ಯಿ ಕೊಡುವುದೇ ತಪ್ಪಾ? ಅಲ್ಲ. ನಮ್ಮ ಹಿರಿಯರ ಮುಯ್ಯಿ ಒಂದು ರೀತಿಯ ಸ್ವಸಹಾಯ ಸಂಘವೇ ಆಗಿತ್ತು. ಒಂದು ಮನೆಯಲ್ಲಿ ಮದುವೆ ಆದರೆ ಹತ್ತು ಮನೆಯವರು ಕೈಲಾದಷ್ಟು ಕೊಟ್ಟು ಆ ಮನೆಯ ಖರ್ಚಿನ ಭಾರ ಇಳಿಸುತ್ತಿದ್ದರು. ಪುಸ್ತಕದಲ್ಲಿ ಬರೆದಿಟ್ಟು ತಮ್ಮ ಸರದಿ ಬಂದಾಗ ಹಿಂದೆ ಕೊಡುತ್ತಿದ್ದರು. ಅದರ ಉದ್ದೇಶ ಸಹಾಯ. ಈಗ ಆ ಉದ್ದೇಶ ಮರೆತು ಹೋಗಿ ತೋರಿಕೆ ಉಳಿದಿದೆ. ನಾವು ಉದ್ದೇಶವನ್ನು ಹಿಂದೆ ತರಬೇಕು.

ಇದನ್ನು ಒಬ್ಬಳೇ ಮಾಡಲು ಆಗುವುದಿಲ್ಲ. ಒಬ್ಬಳು ಕಡಿಮೆ ಕೊಟ್ಟರೆ "ಜಿಪುಣಿ" ಎನ್ನುತ್ತಾರೆ. ಹದಿನೈದು ಜನ ಸೇರಿ ತೀರ್ಮಾನಿಸಿದರೆ ಅದು ಊರಿನ ಕ್ರಮ ಆಗುತ್ತದೆ. ಆದ್ದರಿಂದ ಮುಂದಿನ ಸಭೆಯಲ್ಲಿ ಈ ಕೆಳಗಿನ ವಿಷಯಗಳನ್ನು ಚರ್ಚಿಸಿ.

1. ಕೇಳಿ ಕೊಡಿ. "ನಿನಗೆ ಎಂತ ಬೇಕು?" ಎಂದು ಕೇಳುವುದರಲ್ಲಿ ನಾಚಿಕೆ ಇಲ್ಲ. ಆದರೆ ಒಂದು ಎಚ್ಚರ. ಕೊಡುವವರು ಕೇಳಬೇಕು, ಪಡೆಯುವವರು ಒತ್ತಾಯ ಮಾಡಬಾರದು. ಗಂಡಿನ ಕಡೆಯವರು ಇಂಥದ್ದೇ ಬೇಕು ಎಂದರೆ ಅದು ಉಡುಗೊರೆ ಅಲ್ಲ, 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. 1985ರ ನಿಯಮಗಳಂತೆ ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧು ಇಟ್ಟುಕೊಳ್ಳಬೇಕು, ಪಟ್ಟಿಗೆ ವಧೂವರರಿಬ್ಬರೂ ಸಹಿ ಹಾಕಬೇಕು. ಮುಯ್ಯಿ ಬರೆಯುವ ನಾವು ಇದನ್ನೂ ಬರೆದಿಡಲು ನಮ್ಮ ಹೆಣ್ಣುಮಕ್ಕಳಿಗೆ ಕಲಿಸಬೇಕು.

2. ಒಟ್ಟಾಗಿ ಕೊಡಿ. 15 ಜನ ನೂರು ನೂರು ಹಾಕಿದರೆ 1,500 ರೂಪಾಯಿ. ಹದಿನೈದು ಸಣ್ಣ ಸಾಮಾನಿನ ಬದಲು ದಿನಾ ಬಳಸುವ ಒಂದು ಒಳ್ಳೆಯ ಕುಕ್ಕರ್ ಬರುತ್ತದೆ. ನೂರು ಹಾಕಲು ಆಗದವಳ ಹೆಸರೂ ಅದರಲ್ಲಿ ಇರಲಿ. ಯಾರು ಎಷ್ಟು ಹಾಕಿದರು ಎಂದು ಮೇಲೆ ಬರೆಯಬೇಡಿ.

3. ಬಾಳಿಕೆ ಬರುವುದನ್ನು ಕೊಡಿ, ಇಲ್ಲವೇ ಉಪಯೋಗಿಸಿ ಮುಗಿಯುವುದನ್ನು ಕೊಡಿ. ನಮ್ಮ ಜಿಲ್ಲೆಯ ನೇಕಾರರ ಕೈಮಗ್ಗದ ಉಡುಪಿ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನಾಲ್ಕು ಜನ ಸೇರಿ ಅದನ್ನು ಕೊಟ್ಟರೆ ಉಡುವವಳಿಗೂ ನೇಯ್ದವರಿಗೂ ಪ್ರಯೋಜನ. ಕುಚ್ಚಲಕ್ಕಿ, ತೆಂಗಿನಕಾಯಿ, ಮನೆಯಲ್ಲೇ ಮಾಡಿದ ಹಪ್ಪಳ, ಉಪ್ಪಿನಕಾಯಿ ಅಟ್ಟಕ್ಕೆ ಹೋಗುವುದಿಲ್ಲ. ಮಳೆಗಾಲದಲ್ಲಿ ಗಿಡ ಕೊಡಿ, ಆದರೆ ನೆಡಲು ಜಾಗ ಉಂಟಾ ಎಂದು ಮೊದಲು ಕೇಳಿ.

4. ಮಕ್ಕಳಿಗೆ ಮುಂದಕ್ಕೆ ಆಗುವುದನ್ನು ಕೊಡಿ. ಹೆಣ್ಣುಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತು ಆಟಿಕೆ ಬೇಡ. 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು ಅಂಚೆ ಕಚೇರಿಯಲ್ಲಿ 250 ರೂಪಾಯಿಯಿಂದ ತೆರೆಯಬಹುದು. ಮಗುವಿಗೆ ಹತ್ತು ವರ್ಷ ತುಂಬುವ ಮೊದಲು ತೆರೆಯಬೇಕು. ನಾವು ಕೊಟ್ಟ ಹಣವನ್ನು ತಾಯಿ ಅದರಲ್ಲಿ ಕಟ್ಟಲಿ.

5. ಮಿನುಗುವ ಕಾಗದ ಬಿಡಿ. ಮುಷ್ಟಿಯಲ್ಲಿ ಮುದ್ದೆ ಮಾಡಿ ಬಿಟ್ಟಾಗ ತಾನೇ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಇದೆ ಎಂದು ತಿಳಿಯಿರಿ. ಅದು ರದ್ದಿಗೂ ಆಗುವುದಿಲ್ಲ, ಸುಟ್ಟರೆ ವಿಷದ ಹೊಗೆ. ಸಿಹಿತಿಂಡಿಯ ಬಾಕ್ಸ್, ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆ, ಅಲಂಕಾರದ ಥರ್ಮೋಕೋಲ್, ಪ್ಲಾಸ್ಟಿಕ್ ತಟ್ಟೆ-ಲೋಟ ಇವೆಲ್ಲ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿವೆ. ವಂಡ್ಸೆಯಂತಹ ಪಂಚಾಯಿತಿಗಳಲ್ಲಿ ನಮ್ಮಂತಹ ಹೆಣ್ಣುಮಕ್ಕಳೇ ಕಸವನ್ನು ಕೈಯಲ್ಲಿ ಬೇರ್ಪಡಿಸುತ್ತಾರೆ. ಹೊಲಿಗೆ ಬರುವ ಸದಸ್ಯೆಯರು ಆ ರವಿಕೆ ಕಣಗಳಿಂದಲೇ ಚೀಲ ಹೊಲಿಯಲಿ. ಉಡುಗೊರೆಯನ್ನು ಅದರಲ್ಲೇ ಹಾಕಿ ಕೊಡಿ.

6. ಅಟ್ಟದಲ್ಲಿ ಇರುವುದನ್ನು ಕೆಳಗೆ ಇಳಿಸಿ. ಒಂದು ಭಾನುವಾರ ಎಲ್ಲರೂ ತಂದು ಒಂದು ಕಡೆ ಇಡಿ. ಬೇಕಾದವರು ಬದಲಿಸಿಕೊಳ್ಳಲಿ. ಸ್ಟೀಲ್ ತಟ್ಟೆ, ಲೋಟ, ಪಾತ್ರೆಗಳನ್ನು ಒಟ್ಟು ಮಾಡಿ ಸಂಘದ ಹೆಸರು ಕೊರೆಸಿ. ಊರಿನ ಕಾರ್ಯಕ್ರಮಗಳಿಗೆ ಕಡಿಮೆ ಬಾಡಿಗೆಗೆ ಕೊಡಿ. ಸಂಘಕ್ಕೆ ಆದಾಯ, ಬಿಸಾಡುವ ತಟ್ಟೆಯೂ ಬೇಡ.

ಕೊನೆಯದಾಗಿ ಸಾಲದ ವಿಷಯ. "ಉಡುಗೊರೆಗೆ ಸಾಲ ಇಲ್ಲ" ಎಂದು ನಿಯಮ ಮಾಡಬೇಡಿ. ಹಾಗೆ ಮಾಡಿದರೆ ನಾವೇ ಆ ತಂಗಿಯಿಂದ "ಮದ್ದಿಗೆ" ಎಂದು ಸುಳ್ಳು ಹೇಳಿಸಿದ ಹಾಗೆ ಆಗುತ್ತದೆ. ಅದರ ಬದಲು, ಸಂಘದ ಸದಸ್ಯೆಯರ ನಡುವೆ ಇಷ್ಟಕ್ಕಿಂತ ಹೆಚ್ಚು ಕೊಡುವುದು ಬೇಡ ಎಂದು ಒಂದು ಮಿತಿ ಹಾಕಿ, ಠರಾವು ಪುಸ್ತಕದಲ್ಲಿ ಬರೆಯಿರಿ. ಹೆಚ್ಚು ಇರುವವರು ಮೊದಲು ಕಡಿಮೆ ಕೊಟ್ಟು ತೋರಿಸಬೇಕು. ಇಲ್ಲದವಳು ಕಡಿಮೆ ಕೊಟ್ಟರೆ ಅವಳಿಗೆ ನಾಚಿಕೆ, ಇದ್ದವಳು ಕಡಿಮೆ ಕೊಟ್ಟರೆ ಎಲ್ಲರಿಗೂ ಧೈರ್ಯ.

ನಿಮ್ಮ ಮನೆಯ ಕಾರ್ಯಕ್ರಮಕ್ಕೆ ಕರೆಯಲು ಹೋದಾಗ ಒಂದು ಮಾತು ಬಾಯಿಬಿಟ್ಟು ಹೇಳಿ: "ನೀವು ಬರಬೇಕು, ಏನೂ ತರುವುದು ಬೇಡ, ಬೇಗ ಬಂದು ಕಾಯಿ ತುರಿಯಲು ಕೂತುಕೊಳ್ಳಿ." ಕಾರ್ಡಿನಲ್ಲಿ ಅಚ್ಚು ಹಾಕಿಸಿದರೆ ಸಾಲದು, ಕಾರ್ಡನ್ನು ಯಾರೂ ನಂಬುವುದಿಲ್ಲ. ನೀವು ಕೈ ಹಿಡಿದು ಹೇಳಿದರೆ ನಂಬುತ್ತಾರೆ. ಜ್ವರ ಎಂದು ಮನೆಯಲ್ಲಿ ಕೂತ ಆ ಅಕ್ಕನಿಗೆ ಇಷ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು, ಬೆಳಿಗ್ಗೆ ಮೊದಲು ಅಂಗಳಕ್ಕೆ ಬರುತ್ತಿದ್ದವರು ಅವರೇ.

ಮುಂದಿನ ತಿಂಗಳು ನಾನು ಪುನಃ ಬರುತ್ತೇನೆ. ಶಾಲು ಬೇಡ. ನಿಮ್ಮ ಠರಾವು ಪುಸ್ತಕ ತೋರಿಸಿ, ಸಾಕು.