ಕೊಳಗ ಯಾರ ಕೈಯಲ್ಲಿ?

(ಶಿರಸಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲೆಗಳಲ್ಲಿ ನಾವು ಅಕ್ಷರ ಕಲಿಸಿದ ಹುಡುಗರು ಇಂದು ಹುಬ್ಬಳ್ಳಿ, ಬೆಂಗಳೂರಿನಲ್ಲಿ ಬೈಕಿನ ಮೇಲೆ ಮನೆಮನೆಗೆ ಊಟ ಮುಟ್ಟಿಸುತ್ತಾರೆ. ಬೈಕು ಅವರದು, ಪೆಟ್ರೋಲು ಅವರದು, ಬಿದ್ದರೆ ಮುರಿಯುವ ಕಾಲೂ ಅವರದೇ. ಕಂಪನಿ ಅವರನ್ನು ‘ಪಾಲುದಾರ’ ಎನ್ನುತ್ತದೆ. ಲಾಭದಲ್ಲಿ ಮಾತ್ರ ಪಾಲಿಲ್ಲ! ದೂರವೆಷ್ಟು, ದರವೆಷ್ಟು ಎಂದು ಅಳೆಯುವುದು ಕಂಪನಿಯ ಆ್ಯಪ್.

ಅಳತೆಯ ಜಗಳ ನಮಗೆ ಹೊಸದಲ್ಲ. ಸಿದ್ದಾಪುರದ ನೆರೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದೇಕೆ? ಒಡೆಯರು ದೊಡ್ಡ ಕೊಳಗದಿಂದ ಗೇಣಿ ಅಳೆದುಕೊಳ್ಳುತ್ತಿದ್ದರು. ಆ ಕೊಳಗ ಕಣ್ಣಿಗಾದರೂ ಕಾಣುತ್ತಿತ್ತು. ಇಂದಿನದು ಮೊಬೈಲಿನೊಳಗಿದೆ.

ಗಿರಣಿ ಕಾರ್ಮಿಕರೇ, ನಿಮ್ಮ ಬೆನ್ನಿಗೆ 1948ರ ಇ.ಎಸ್.ಐ., 1952ರ ಭವಿಷ್ಯನಿಧಿ ಕಾಯಿದೆಗಳಿದ್ದವು. ಈ ಹುಡುಗರಿಗೆ ಏನಿತ್ತು? 2025ರಲ್ಲಿ ಕರ್ನಾಟಕವು ಗಿಗ್ ಕಾರ್ಮಿಕರ ಕಾಯಿದೆ ಮಾಡಿತು. ಪ್ರತಿ ಕೆಲಸಕ್ಕೆ ಕೊಡುವ ಹಣದ ಶೇಕಡಾ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ಬರೆದು 14 ದಿನ ಮುಂಚೆ ತಿಳಿಸದೆ ಸಾಮಾನ್ಯವಾಗಿ ಕೆಲಸದಿಂದ ತೆಗೆಯುವಂತಿಲ್ಲ. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕನಿಷ್ಠ ಕೂಲಿ ಇಷ್ಟೆಂದು ಈ ಕಾಯಿದೆ ಹೇಳುವುದಿಲ್ಲ. ಕೊಳಗ ಒಡೆಯನ ಕೈಯಲ್ಲೇ ಉಳಿಯಿತು.

ವ್ಯಾಪಾರಿ ಬಂಧುಗಳೇ, ಈ ಹುಡುಗರು ನಿಮ್ಮ ವೈರಿಗಳಲ್ಲ. ಆ್ಯಪಿನ ಮೂಲಕ ಊಟ ಮಾರುವ ಖಾನಾವಳಿಯವನ ಕಮಿಷನ್ ಅಳೆಯುವುದೂ ಅದೇ ಕೊಳಗ.

ಊರಿಗೆ ಬಂದ ಮಕ್ಕಳಿಗೆ ಹೇಳಿರಿ: ಕಲ್ಯಾಣ ಮಂಡಳಿಯಲ್ಲಿ ಹೆಸರು ದಾಖಲಾಗಿದೆಯೇ ನೋಡಿಕೊಳ್ಳಿ, ಸಂಘ ಕಟ್ಟಿರಿ. ಕಾಗೋಡಿನ ಗೇಣಿದಾರರು ಒಬ್ಬೊಬ್ಬರೇ ನಿಂತಿದ್ದರೆ ಯಾರು ಕೇಳುತ್ತಿದ್ದರು?