ಇನ್ಸುಲಿನ್ ಕೋಶದ ವಿದ್ಯುತ್ತು ಮತ್ತು ಮುಲುಂಡಿನ ಒಂದು ಸಂಶೋಧನೆ



ಗುಜರಾತಿ ಅಡುಗೆಯಲ್ಲಿ ‘ಗರ್ಮರ್’ ಎಂಬ ಗೆಡ್ಡೆಬೇರಿನ ಉಪ್ಪಿನಕಾಯಿ ಪ್ರಸಿದ್ಧವಾಗಿದೆ. ಅದೇ ಬೇರಿಗೆ ಕನ್ನಡದಲ್ಲಿ ಮಾಕಂದಿ ಬೇರು, ಮಂಗನಿ ಬೇರು ಎಂಬ ಹೆಸರುಗಳಿವೆ. (ಪರಿಮಳಕ್ಕೆ ಹೆಸರಾದ ಮಾಕಳಿ ಬೇರು ಬೇರೊಂದು ಬಳ್ಳಿಯದು, ಹೆಸರಿನ ಸಾಮ್ಯದಿಂದ ಎರಡನ್ನೂ ಒಂದೆಂದು ಭಾವಿಸಬಾರದು.) ತುಳಸಿಯ ಕುಟುಂಬಕ್ಕೆ ಸೇರಿದ ಈ ಗಿಡದ ಶಾಸ್ತ್ರೀಯ ನಾಮ ಕೋಲಿಯಸ್ ಫೋರ್ಸ್ಕೋಲಿ. ಮುಂಬಯಿಯ ಉಪನಗರವಾದ ಮುಲುಂಡಿನಲ್ಲಿದ್ದ ಹೆಕ್ಸ್ಟ್ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಭಾರತೀಯ ಸಸ್ಯಗಳ ಸಾರಗಳನ್ನು ಪರೀಕ್ಷಿಸಲಾಗುತ್ತಿತ್ತು. ಈ ಬೇರಿನ ಸಾರವು ರಕ್ತದೊತ್ತಡವನ್ನು ಇಳಿಸುತ್ತದೆ, ಹೃದಯದ ಬಡಿತಕ್ಕೆ ಬಲ ನೀಡುತ್ತದೆ ಎಂಬುದು ಅಲ್ಲಿ ಕಂಡುಬಂದಿತು. ಎಸ್.ವಿ. ಭಟ್, ಎನ್.ಜೆ. ಡಿಸೋಜಾ ಮತ್ತು ಅವರ ಸಹೋದ್ಯೋಗಿಗಳು ಅದರಲ್ಲಿನ ಪದಾರ್ಥಗಳ ರಚನೆಯನ್ನು 1977ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಮುಖ್ಯವಾದುದೇ ಫೋರ್ಸ್ಕೋಲಿನ್. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಅದೇ ಕಾಲದಲ್ಲಿ ಇದೇ ಗಿಡದ ಮೇಲೆ ಕೆಲಸ ನಡೆಸಿದ್ದರು.

ಹೃದಯದ ಔಷಧಿಗಾಗಿ ನಡೆದ ಈ ಶೋಧನೆಯು ಮಧುಮೇಹದ ಅಧ್ಯಯನಕ್ಕೆ ಒದಗಿಬಂದ ಬಗೆ ಸ್ವಾರಸ್ಯಕರವಾಗಿದೆ. ಅದನ್ನು ಅರಿಯಲು ಮೊದಲು ಇನ್ಸುಲಿನ್ ತಯಾರಾಗುವ ಸ್ಥಳವನ್ನು ನೋಡಬೇಕು.

ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಸಣ್ಣ ಸಣ್ಣ ಜೀವಕೋಶಗುಚ್ಛಗಳು ದ್ವೀಪಗಳಂತೆ ಹರಡಿಕೊಂಡಿವೆ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಇವುಗಳನ್ನು ಮೊದಲು ವರ್ಣಿಸಿದನು. ಇವುಗಳಲ್ಲಿರುವ ಬೀಟಾ ಕೋಶಗಳು ಇನ್ಸುಲಿನ್ ಸ್ರವಿಸುತ್ತವೆ. ನರಕೋಶಗಳಂತೆ ಬೀಟಾ ಕೋಶವೂ ವಿದ್ಯುತ್ ಸ್ಪಂದನಗಳನ್ನು ಹೊಮ್ಮಿಸುತ್ತದೆ ಎಂಬುದನ್ನು ಡೀನ್ ಮತ್ತು ಮ್ಯಾಥ್ಯೂಸ್ ಎಂಬ ವಿಜ್ಞಾನಿಗಳು 1968ರಲ್ಲಿ ತೋರಿಸಿದರು. ರಕ್ತದಲ್ಲಿ ಸಕ್ಕರೆ ಕಡಿಮೆ ಇರುವಾಗ ಕೋಶಪೊರೆಯ ಒಳಬದಿಯು ಹೊರಬದಿಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಪೊಟ್ಯಾಸಿಯಂ ಅಯಾನುಗಳು ವಿಶಿಷ್ಟ ದ್ವಾರಗಳ ಮೂಲಕ ಹೊರಕ್ಕೆ ಸೋರುತ್ತಿರುವುದೇ ಇದಕ್ಕೆ ಕಾರಣ. ಊಟವಾದ ಮೇಲೆ ಸಕ್ಕರೆ ಕೋಶದೊಳಗೆ ಸೇರಿ ಉರಿದು ಶಕ್ತಿಯಾಗುತ್ತದೆ. ಆ ಶಕ್ತಿಯ ಅಣುವಾದ ಎ.ಟಿ.ಪಿ. ಹೆಚ್ಚಿದಂತೆ ಪೊಟ್ಯಾಸಿಯಂ ದ್ವಾರಗಳು ಮುಚ್ಚಿಕೊಳ್ಳುತ್ತವೆ. ಆಗ ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ದ್ವಾರಗಳು ತೆರೆಯುತ್ತವೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಇನ್ಸುಲಿನ್ ತುಂಬಿದ ಕಣಗಳು ರಕ್ತಕ್ಕೆ ಬರಿದಾಗುತ್ತವೆ. ಸಕ್ಕರೆಯು ಈ ಪೊಟ್ಯಾಸಿಯಂ ದ್ವಾರವನ್ನು ಮುಚ್ಚುವುದನ್ನು 1984ರಲ್ಲಿ ಆಕ್ಸ್‌ಫರ್ಡಿನಲ್ಲಿ ಫ್ರಾನ್ಸಿಸ್ ಆಶ್‌ಕ್ರಾಫ್ಟ್ ಮತ್ತು ಸಂಗಡಿಗರು ಕಂಡರು.

ಹಾಗಾದರೆ ಹಾರ್ಮೋನುಗಳ ಪಾತ್ರವೇನು? ಆಹಾರ ಕರುಳನ್ನು ತಲುಪಿದೊಡನೆ ಅಲ್ಲಿಂದ ಜಿ.ಎಲ್.ಪಿ.-1 ಎಂಬ ಹಾರ್ಮೋನು ಹೊರಡುತ್ತದೆ. ಅದು ಬೀಟಾ ಕೋಶದ ಪೊರೆಯನ್ನು ಮುಟ್ಟಿದಾಗ ಒಳಗಿನ ಅಡಿನೈಲೇಟ್ ಸೈಕ್ಲೇಸ್ ಎಂಬ ಕಿಣ್ವವು ಎಚ್ಚರಗೊಂಡು ಸೈಕ್ಲಿಕ್ ಎ.ಎಂ.ಪಿ. ಎಂಬ ದೂತ ಅಣುವನ್ನು ಉತ್ಪಾದಿಸುತ್ತದೆ. ಈ ದೂತನನ್ನು ಕಂಡುಹಿಡಿದ ಅರ್ಲ್ ಸದರ್ಲೆಂಡನಿಗೆ 1971ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆದರೆ ದೂತನ ಕಾರ್ಯವನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದು ಸುಲಭವಾಗಿರಲಿಲ್ಲ. ಫೋರ್ಸ್ಕೋಲಿನ್ ಇಲ್ಲಿ ಒದಗಿತು: ಅದು ಹಾರ್ಮೋನಿನ ನೆರವಿಲ್ಲದೆ ಆ ಕಿಣ್ವವನ್ನು ಪ್ರಚೋದಿಸುತ್ತದೆ ಎಂಬುದನ್ನು ಅಮೆರಿಕದ ಸೀಮನ್, ಪ್ಯಾಜೆಟ್ ಮತ್ತು ಡೇಲಿ 1981ರಲ್ಲಿ ಪ್ರಕಟಿಸಿದರು. ಮುಂದೆ 1983ರಲ್ಲಿ ಹೆನ್‌ಕ್ವಿನ್ ಮತ್ತು ಸಂಗಡಿಗರು ಇಲಿಯ ಬೀಟಾ ಕೋಶಗಳ ಮೇಲೆ ಅದನ್ನು ಪ್ರಯೋಗಿಸಿ, ಸಕ್ಕರೆಯಿಂದ ಮೊದಲಾದ ವಿದ್ಯುತ್ ಚಟುವಟಿಕೆಯನ್ನು ಅದು ತೀವ್ರಗೊಳಿಸುತ್ತದೆ ಎಂದು ತೋರಿಸಿದರು.

ಸಕ್ಕರೆಯಿಂದ ಮೊದಲಾದುದನ್ನು ಎಂಬ ಮಾತಿನಲ್ಲಿಯೇ ಈ ವಿಷಯದ ತಿರುಳಿದೆ. ದೀಪವನ್ನು ಹೊತ್ತಿಸುವುದು ಸಕ್ಕರೆ. ಬತ್ತಿಯನ್ನು ಏರಿಸುವುದು, ಇಳಿಸುವುದು ಹಾರ್ಮೋನು. ಲೋಕಲ್ ರೈಲು ಹಿಡಿಯಲು ಓಡುವವನ ಮೈಯಲ್ಲಿ ಅಡ್ರಿನಲಿನ್ ಏರಿದಾಗ ಬೀಟಾ ಕೋಶದ ವಿದ್ಯುತ್ತು ತಗ್ಗಿ, ಇನ್ಸುಲಿನ್ ಸ್ರಾವ ಕುಗ್ಗುತ್ತದೆ. ಓಟದ ಹೊತ್ತಿನಲ್ಲಿ ರಕ್ತದ ಸಕ್ಕರೆ ವಿಪರೀತವಾಗಿ ಇಳಿಯದಿರಲು ಇದು ನೆರವಾಗುತ್ತದೆ.

ಮಧುಮೇಹಿಗಳಿಗೆ ಈ ವ್ಯತ್ಯಾಸವು ಕೇವಲ ಶಾಸ್ತ್ರದ ಮಾತಲ್ಲ. ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆಗಳು ಪೊಟ್ಯಾಸಿಯಂ ದ್ವಾರವನ್ನು ನೇರವಾಗಿ ಮುಚ್ಚುತ್ತವೆ. ರಕ್ತದಲ್ಲಿ ಸಕ್ಕರೆ ಇದೆಯೇ ಇಲ್ಲವೇ ಎಂದು ನೋಡುವುದಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ ಡೊಂಬಿವಿಲಿಯಿಂದ ಕಚೇರಿಗೆ ಹೊರಟವರು ಮಧ್ಯಾಹ್ನದ ಊಟ ತಪ್ಪಿಸಿದರೆ ಬೆವರು, ನಡುಕ, ಮಂಪರು ಕಾಣಿಸಿಕೊಳ್ಳುವುದು ಇದರಿಂದಲೇ. ಕೂಡಲೇ ಸಕ್ಕರೆ ಅಥವಾ ಗ್ಲೂಕೋಸ್ ಸೇವಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಇದಕ್ಕೆ ಭಿನ್ನವಾಗಿ ಜಿ.ಎಲ್.ಪಿ.-1ನ್ನು ಅನುಕರಿಸುವ ಚುಚ್ಚುಮದ್ದುಗಳನ್ನು ಒಂಟಿಯಾಗಿ ಬಳಸಿದಾಗ ಇಂತಹ ಅಪಾಯ ಕಡಿಮೆ, ಏಕೆಂದರೆ ಸಕ್ಕರೆ ಇಳಿದೊಡನೆ ಅವುಗಳ ಪ್ರಭಾವವೂ ಕುಗ್ಗುತ್ತದೆ.

ಇಷ್ಟು ಕೇಳಿದವರು ಮಾಕಂದಿ ಬೇರಿನ ಪುಡಿಯೇ ಮಧುಮೇಹಕ್ಕೆ ಮದ್ದಾಗಬಹುದಲ್ಲವೇ ಎಂದು ಕೇಳುವುದು ಸಹಜ. ಆದರೆ ಫೋರ್ಸ್ಕೋಲಿನ್ ಬೀಟಾ ಕೋಶವನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ. ಯಕೃತ್ತಿನಲ್ಲಿಯೂ ಅದೇ ಕಿಣ್ವವಿದೆ. ಅಲ್ಲಿ ಸೈಕ್ಲಿಕ್ ಎ.ಎಂ.ಪಿ. ಹೆಚ್ಚಿದರೆ ಶೇಖರವಾದ ಸಕ್ಕರೆ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಹೃದಯ ಮತ್ತು ರಕ್ತನಾಳಗಳ ಮೇಲಿನ ಪರಿಣಾಮವಂತೂ ಮುಲುಂಡಿನಲ್ಲಿ ಮೊದಲೇ ಕಂಡದ್ದು. ಆದ್ದರಿಂದ ಉಪ್ಪಿನಕಾಯಿಯ ಬೇರನ್ನು ನೆಚ್ಚಿ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ಯಾರೂ ನಿಲ್ಲಿಸತಕ್ಕದ್ದಲ್ಲ.