ಗುರುತು ಹೇಳಿ ಪಡೆಯಬಹುದು

(ಬಾನುಲಿ ಭಾಷಣ)

ಗ್ರಂಥಾಲಯಕ್ಕೆ ಹೋಗುವ ಅಭ್ಯಾಸವುಳ್ಳವರಲ್ಲಿ ಎರಡು ಬಗೆ. ನೇರವಾಗಿ ಒಳಗೆ ಹೋಗಿ ಪುಸ್ತಕ ಹಿಡಿದು ಕೂರುವವರು ಒಂದು ಬಗೆ. ಬಾಗಿಲ ಹೊರಗಿನ ನೋಟೀಸ್ ಬೋರ್ಡಿನ ಮುಂದೆ ನಿಂತು, ಅಲ್ಲಿರುವುದನ್ನೆಲ್ಲ ಓದಿ, ಅಷ್ಟಕ್ಕೇ ತೃಪ್ತರಾಗಿ ಹಿಂದಿರುಗುವವರು ಇನ್ನೊಂದು ಬಗೆ. ನಾನು ಎರಡನೆಯ ಗುಂಪಿನವನು. 1971ರಲ್ಲಿ ಕನ್ನಡ ಎಂ.ಎ. ಓದಲು ಮಾನಸಗಂಗೋತ್ರಿಗೆ ಬಂದ ದಿನ ಹಿಡಿದ ಈ ಚಟ, ಅಲ್ಲಿಯೇ ಅಧ್ಯಾಪಕನಾಗಿ ನಿವೃತ್ತನಾಗುವವರೆಗೂ ಬಿಡಲಿಲ್ಲ. ತರಗತಿಗಳಲ್ಲಿ ಕೇಳಿದ್ದು ಬಹುಮಟ್ಟಿಗೆ ಮರೆತುಹೋಗಿದೆ. ಬೋರ್ಡಿನ ಮೇಲೆ ಓದಿದ ಚೀಟಿಗಳು ಇನ್ನೂ ಕಣ್ಣಿಗೆ ಕಟ್ಟಿದಂತಿವೆ.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿ, ಜಯಲಕ್ಷ್ಮೀವಿಲಾಸದ ಸುತ್ತ ಸ್ನಾತಕೋತ್ತರ ವಿಭಾಗಗಳು ನೆಲೆಗೊಂಡದ್ದು ಆಮೇಲೆ. ಆ ಆವರಣಕ್ಕೆ ಮಾನಸಗಂಗೋತ್ರಿ ಎಂಬ ಹೆಸರನ್ನಿತ್ತವರು ಆಗ ಕುಲಪತಿಗಳಾಗಿದ್ದ ಕುವೆಂಪು. ಹೆಸರು ದೊಡ್ಡದು. ಆದರೆ ಗಂಗೋತ್ರಿಯಲ್ಲಿ ವಾಸಿಸುವವನಿಗೂ ಒಂದು ರೂಮು ಬೇಕು, ಒಂದು ಸೈಕಲ್ ಬೇಕು, ತಿಂಗಳ ಕೊನೆಯಲ್ಲಿ ಐದು ರೂಪಾಯಿ ಕೈಗಡ ಬೇಕು. ಆ ಬೇಕುಗಳೆಲ್ಲ ಬಂದು ಸೇರುತ್ತಿದ್ದ ಸ್ಥಳವೇ ನೋಟೀಸ್ ಬೋರ್ಡು.

ಬೋರ್ಡುಗಳಲ್ಲಿಯೂ ಎರಡು ಜಾತಿ. ಒಂದಕ್ಕೆ ಗಾಜಿನ ಬಾಗಿಲು, ಬಾಗಿಲಿಗೊಂದು ಪುಟ್ಟ ಬೀಗ, ಬೀಗದ ಕೈ ಜವಾನನ ಜೇಬಿನಲ್ಲಿ. ಅದರೊಳಗಿನ ಕನ್ನಡಕ್ಕೆ ಕರ್ತೃವೇ ಇರುವುದಿಲ್ಲ. ‘ಈ ಮೂಲಕ ತಿಳಿಯಪಡಿಸಲಾಗಿದೆ’, ‘ಅವಧಿಯನ್ನು ವಿಸ್ತರಿಸಲಾಗಿದೆ’, ‘ದಂಡ ವಿಧಿಸಲಾಗುವುದು’. ಇವನ್ನೆಲ್ಲ ಮಾಡುವವರು ಯಾರು ಎಂಬುದನ್ನು ಪಾಣಿನಿ ಬಂದರೂ ಹೇಳಲಾರ. ಇನ್ನೊಂದು ಬೋರ್ಡು ಬಯಲಿನದು. ಕ್ಯಾಂಟೀನಿನ ಗೋಡೆಗೋ ಸೈಕಲ್ ಸ್ಟ್ಯಾಂಡಿನ ಕಂಬಕ್ಕೋ ಹೊಡೆದ ಹಲಗೆ. ಬಿಸಿಲಿಗೆ ಬಣ್ಣ ಹಾರಿ, ಪಿನ್ನಿನ ತೂತುಗಳಿಂದ ಸಿಡುಬು ಬಂದಂತಾದದ್ದು. ಬೇಕಾದವರು ಬೇಕಾದುದನ್ನು ಹಚ್ಚಬಹುದು. ಒಂದು ಕಷ್ಟವಿತ್ತು: ಪಿನ್ನು ಯಾರೂ ತರುತ್ತಿರಲಿಲ್ಲ. ಹೊಸಬ ಹಳಬನ ಚೀಟಿಯ ನಾಲ್ಕು ಪಿನ್ನುಗಳಲ್ಲಿ ಎರಡನ್ನು ಕಿತ್ತುಕೊಳ್ಳುತ್ತಿದ್ದ. ಅವನಿಂದ ಇನ್ನೊಬ್ಬ ಒಂದನ್ನು ಕೀಳುತ್ತಿದ್ದ. ಸಂಜೆಯ ಹೊತ್ತಿಗೆ ಎಲ್ಲ ಚೀಟಿಗಳೂ ಒಂಟಿಪಿನ್ನಿನಲ್ಲಿ ಕೆರೆಯ ಗಾಳಿಗೆ ಪಟಪಟಿಸುತ್ತಿದ್ದವು.

ನಮ್ಮ ಭಾಷೆಯ ಮಟ್ಟಿಗೆ ಇದು ಬಹು ಹಳೆಯ ವ್ಯವಹಾರ. ಕನ್ನಡದಲ್ಲಿ ದೊರೆತಿರುವ ಅತ್ಯಂತ ಹಳೆಯ ಬರಹಗಳಲ್ಲೊಂದಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವೂ ಒಂದು ಸಾರ್ವಜನಿಕ ಪ್ರಕಟಣೆಯೇ ಅಲ್ಲವೆ? 1936ರಲ್ಲಿ ಅದನ್ನು ಬೆಳಕಿಗೆ ತಂದ ಡಾ. ಎಂ. ಎಚ್. ಕೃಷ್ಣ ಅವರು ಇದೇ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು. ಯುದ್ಧದಲ್ಲಿ ಶೌರ್ಯ ತೋರಿದವನೊಬ್ಬನಿಗೆ ಎರಡು ಹಳ್ಳಿಗಳನ್ನು ಕೊಟ್ಟ ಸಂಗತಿಯನ್ನು ತಿಳಿಸಿ, ಇದನ್ನು ಅಳಿಸಿದವನಿಗೆ ಮಹಾಪಾಪ ಬರುವುದೆಂಬ ಎಚ್ಚರಿಕೆಯನ್ನೂ ಆ ಕಲ್ಲು ಕೊಡುತ್ತದೆ. ನಮ್ಮ ಹುಡುಗರು ಅಷ್ಟು ದೂರ ಹೋಗುತ್ತಿರಲಿಲ್ಲ. ‘ದಯವಿಟ್ಟು ಹರಿಯಬೇಡಿ’ ಎಂದು ಮೂಲೆಯಲ್ಲಿ ಬರೆಯುತ್ತಿದ್ದರು. ಕಲ್ಲು ಉಳಿಯಿತು, ಚೀಟಿಗಳು ಉಳಿಯಲಿಲ್ಲ.

ಬೋರ್ಡನ್ನು ನೋಡಿಯೇ ಋತು ಯಾವುದೆಂದು ಹೇಳಬಹುದಾಗಿತ್ತು. ವರ್ಷದ ಆರಂಭದಲ್ಲಿ ಎಲ್ಲವೂ ‘ಬೇಕಾಗಿದೆ’: ರೂಮು ಬೇಕಾಗಿದೆ, ರೂಮಿನಲ್ಲಿ ಜೊತೆಗಾರ ಬೇಕಾಗಿದ್ದಾನೆ, ಹಳೆಯ ಪಠ್ಯಪುಸ್ತಕ ಬೇಕಾಗಿದೆ. ನಡುವೆ ನಾಟಕ, ವಿಚಾರಸಂಕಿರಣ, ಚದುರಂಗದ ಪಂದ್ಯ. ಪರೀಕ್ಷೆ ಹತ್ತಿರವಾದಂತೆ ‘ಪ್ರಬಂಧಗಳನ್ನು ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿಕೊಡಲಾಗುವುದು, ಕನ್ನಡ ಯಂತ್ರ ಉಂಟು’. ಆ ‘ಉಂಟು’ ನೋಡಿದೊಡನೆ ಬೆರಳಚ್ಚುಗಾರರು ಮಂಗಳೂರಿನ ಕಡೆಯವರೆಂದು ಗೊತ್ತಾಗುತ್ತಿತ್ತು. ಪರೀಕ್ಷೆ ಮುಗಿದ ಮರುದಿನ ಇಡೀ ಹಲಗೆ ‘ಮಾರಾಟಕ್ಕಿದೆ’ಯಾಗಿ ತಿರುಗುತ್ತಿತ್ತು. ಸೈಕಲ್, ಸೀಮೆಎಣ್ಣೆ ಸ್ಟವ್, ಅಲಾರಂ ಗಡಿಯಾರ, ಹಾಸಿಗೆ, ಕಾಲೊಂದು ಸ್ವಲ್ಪ ಅಲುಗುವ ಮೇಜು. ಎರಡು ವರ್ಷದ ಒಂದು ಸಂಸಾರ ಆರು ಸಾಲುಗಳಲ್ಲಿ ಹರಾಜಿಗೆ ನಿಂತಿರುತ್ತಿತ್ತು.

ನನಗೆ ಬಹಳ ಪ್ರಿಯವಾಗಿದ್ದವು ‘ಕಳೆದುಹೋಗಿದೆ’ ಮತ್ತು ‘ಸಿಕ್ಕಿದೆ’ ಎಂಬ ಚೀಟಿಗಳು. ಕಳೆದುಕೊಂಡವನು ಧಾರಾಳವಾಗಿ ಬರೆಯುತ್ತಾನೆ. ಪೆನ್ನಿನ ಬಣ್ಣ, ಮುಚ್ಚಳದ ಬಿರುಕು, ಅದು ತೀರಿಹೋದ ತಂದೆ ಕೊಟ್ಟದ್ದೆಂಬ ಸಂಗತಿ, ಎಲ್ಲವನ್ನೂ. ಸಿಕ್ಕವನು ಮಿತಭಾಷಿ. ‘ಒಂದು ಪೆನ್ನು ಸಿಕ್ಕಿದೆ. ಗುರುತು ಹೇಳಿ ಪಡೆಯಬಹುದು.’ ಬಣ್ಣ ಹೇಳುವಂತಿಲ್ಲ, ಕಂಪನಿ ಹೇಳುವಂತಿಲ್ಲ. ಹೇಳಿದರೆ ಯಾರಾದರೂ ಬಂದು ತನ್ನದೆನ್ನಬಹುದು. ಪರೀಕ್ಷಕನ ಗತ್ತು ಆ ಎರಡು ವಾಕ್ಯಗಳಲ್ಲಿದೆ. ವಸ್ತು ನಿಮ್ಮದೇ ಆಗಿದ್ದರೂ ಇನ್ನೊಬ್ಬರ ಮುಂದೆ ನಿಂತು ಗುರುತು ಒಪ್ಪಿಸಬೇಕು, ಅವರು ತಲೆಯಾಡಿಸಬೇಕು. ಅಂದಹಾಗೆ, ಈ ಬಾನುಲಿಯೂ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ನಂಟಿನಿಂದಲೇ ಹುಟ್ಟಿದ್ದು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರಕೇಂದ್ರವನ್ನು ಆರಂಭಿಸಿದರು. ವಾರ್ತೆಗಳ ನಡುವೆ ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆಯನ್ನು ಕೇಳಿದಾಗಲೆಲ್ಲ ನನಗೆ ಕ್ಯಾಂಟೀನಿನ ಹಲಗೆ ನೆನಪಾಗುತ್ತಿತ್ತು. ಎತ್ತರ ಐದು ಅಡಿ ನಾಲ್ಕು ಅಂಗುಲ, ಕೋಲುಮುಖ, ನೀಲಿ ಅಂಗಿ. ಮನುಷ್ಯನಿಗೂ ಗುರುತು ಹೇಳಬೇಕು.

ಇನ್ನು ರೂಮುಗಳ ವಿಚಾರ.

ಮೈಸೂರಿನ ಮನೆಗಳು ವಿದ್ಯಾರ್ಥಿಗಳನ್ನು ಸಾಕಿದ ಕಥೆ ದೊಡ್ಡದು. ವಾರಾನ್ನ ಉಂಡು ಓದಿ ಪ್ರಸಿದ್ಧರಾದವರು ಎಷ್ಟೋ ಮಂದಿ. ಒಂದೊಂದು ಸಮುದಾಯವೂ ತನ್ನ ಮಕ್ಕಳಿಗಾಗಿ ಉಚಿತ ವಿದ್ಯಾರ್ಥಿನಿಲಯ ಕಟ್ಟಿಸಿದ ಊರು ಇದು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಎಪ್ಪತ್ತರ ದಶಕದಲ್ಲಿ ಸರ್ಕಾರದ ವಿದ್ಯಾರ್ಥಿನಿಲಯಗಳೂ ಹೆಚ್ಚಿದವು. ಆದರೂ ನಿಲಯಗಳಲ್ಲಿ ಸ್ಥಳ ಸಿಕ್ಕದವರು ಇದ್ದೇ ಇರುತ್ತಿದ್ದರು. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲುಗಳಲ್ಲಿ ಮಹಡಿಯ ಮೇಲೊಂದು, ಹಿತ್ತಿಲಲ್ಲೊಂದು ರೂಮು ಕಟ್ಟಿಸಿದ ಗೃಹಸ್ಥರು ಬೋರ್ಡಿಗೆ ಚೀಟಿ ಕಳಿಸುತ್ತಿದ್ದರು.

ನನಗೆ ಮೊದಲ ರೂಮು ಸಿಕ್ಕಿದ್ದು ಅಂಥ ಒಂದು ಚೀಟಿಯಿಂದ. ವಿಳಾಸ ಹುಡುಕಿಕೊಂಡು ಹೋದೆ. ಯಜಮಾನರು ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದರು. ಯಾವ ಊರು ಎಂದು ಕೇಳಿದರು, ಹೇಳಿದೆ. ಏನು ಓದು ಎಂದರು, ಹೇಳಿದೆ. ಪತ್ರಿಕೆಯಿಂದ ಕಣ್ಣೆತ್ತದೆ, ‘ಯಾವ ಜನ?’ ಎಂದರು. ಒಂದೇ ಮಾತಿನಲ್ಲಿ ಉತ್ತರಿಸಿದೆ. ಅವರು ಪತ್ರಿಕೆ ಮಡಿಸಿ, ಒಳಗಿನಿಂದ ಕಾಫಿ ತರಿಸಿದರು. ಗುರುತು ಹೇಳಿದೆ, ಪಡೆದೆ. ಆ ದಿನ ಇದು ನನಗೆ ವಿಚಿತ್ರವೆನಿಸಲಿಲ್ಲ. ಸರಿಯಾದ ಉತ್ತರ ಗೊತ್ತಿದ್ದವನಿಗೆ ಪ್ರಶ್ನೆಯ ಮೇಲೆ ಅನುಮಾನ ಬರುವುದು ಕಷ್ಟ.

ವರ್ಷಗಳು ಕಳೆದಂತೆ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದು ಸಭ್ಯತೆಯಲ್ಲವೆಂಬ ತಿಳಿವಳಿಕೆ ಊರಿಗೆ ಬಂತು. ಬಂದದ್ದು ಒಳ್ಳೆಯದೇ. ಆದರೆ ಪ್ರಶ್ನೆ ಜಗಲಿಯಿಂದ ಎದ್ದು ಚೀಟಿಯೊಳಕ್ಕೆ ಹೋಗಿ ಕುಳಿತಿತು. ‘ಸಸ್ಯಾಹಾರಿಗಳಿಗೆ ಮಾತ್ರ.’ ಎರಡೇ ಪದ. ಯಾರ ಹೆಸರೂ ಇಲ್ಲ, ಯಾರಿಗೂ ಅವಮಾನವಿಲ್ಲ. ಊಟದ ಅಭಿರುಚಿಯ ಮಾತು, ಅಷ್ಟೆ. ‘ಮಾತ್ರ’ ಎಂಬುದು ಅವ್ಯಯ. ಲಿಂಗ, ವಚನ, ವಿಭಕ್ತಿಗಳಿಂದ ಯಾವ ವಿಕಾರವನ್ನೂ ಹೊಂದದ ಪದ ಅವ್ಯಯವೆಂದು ನಾನೇ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ವಿಶ್ವಮಾನವನ ಮಾತನಾಡಿದ ಕವಿ ಹೆಸರಿಟ್ಟ ಆವರಣದಲ್ಲಿ, ಕೆರೆಯ ಗಾಳಿಗೆ ಪಟಪಟಿಸುತ್ತ, ಆ ಅವ್ಯಯ ಅವಿಕಾರವಾಗಿ ನಿಂತಿತ್ತು.

1987ರಲ್ಲಿ ನಾನೂ ಮಹಡಿಯ ಮೇಲೊಂದು ಕೊಠಡಿ ಕಟ್ಟಿಸಿದೆ. ಸಾಲ ತೀರಬೇಕಾಗಿತ್ತು. ಚೀಟಿ ಬರೆದೆ: ಕೊಠಡಿ ಬಾಡಿಗೆಗಿದೆ, ನೀರಿನ ಸೌಕರ್ಯ ಉಂಟು, ಮೆಟ್ಟಿಲು ಹೊರಗಿನಿಂದ. ಇಷ್ಟು ಬರೆದ ಮೇಲೆ ಲೇಖನಿ ನಿಲ್ಲಲಿಲ್ಲ; ಎಲ್ಲರೂ ಬರೆಯುವ ಆ ಎರಡು ಪದಗಳನ್ನೂ ಬರೆಯಿತು. ತಾಯಿಯವರು ನಮ್ಮೊಡನಿದ್ದರು, ಅವರಿಗೆ ಮಡಿ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ತಾಯಿಯವರನ್ನು ನಾನು ಕೇಳಿರಲೇ ಇಲ್ಲ.

ಎರಡು ದಿನ ಕಳೆದ ಮೇಲೆ ನನ್ನ ತರಗತಿಯ ಹುಡುಗನೊಬ್ಬ ಕೊಠಡಿಯ ಬಾಗಿಲಲ್ಲಿ ಬಂದು ನಿಂತ. ಹಳಗನ್ನಡದಲ್ಲಿ ಆ ವರ್ಷ ಅವನನ್ನು ಮೀರಿಸುವವರಿರಲಿಲ್ಲ.

‘ಸಾರ್, ಬೋರ್ಡಿನಲ್ಲಿರೋ ಚೀಟಿ ನಿಮ್ಮದಾ? ಅಕ್ಷರ ನೋಡಿ ಕೇಳಿದೆ.’

‘ಹೌದಪ್ಪ.’

‘ನಾನು ಮಾಂಸ ತಿನ್ನೋಲ್ಲ ಸಾರ್. ನಮ್ಮ ಮನೇಲಿ ತಿಂತಾರೆ. ನನ್ನಂಥವರು ಬರಬಹುದಾ?’

ವ್ಯಂಗ್ಯವಿಲ್ಲದ ಮುಖ. ವ್ಯಾಕರಣದಲ್ಲಿ ಸಂದೇಹ ಬಂದಾಗ ಕೇಳುತ್ತಿದ್ದ ದನಿಯಲ್ಲೇ ಕೇಳಿದ್ದ. ಚೀಟಿಯಲ್ಲಿದ್ದ ಪದಗಳ ಪ್ರಕಾರ ಉತ್ತರ ‘ಬಾ’ ಎಂದೇ ಆಗಬೇಕು. ನಾನು, ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದೆ. ‘ಆಗಲಿ ಸಾರ್’ ಎಂದು ಹೋದ. ಮನೆಯಲ್ಲಿ ನಾನು ಯಾರನ್ನೂ ಕೇಳಲಿಲ್ಲ. ಅವನೂ ಮತ್ತೆ ನನ್ನನ್ನು ಕೇಳಲಿಲ್ಲ. ವಾರದೊಳಗೆ ನೆಂಟರ ಕಡೆಯ ಹುಡುಗನೊಬ್ಬ ಬಂದು ಸೇರಿದ. ಚೀಟಿಯನ್ನು ನಾನೇ ಹೋಗಿ ಕಿತ್ತೆ. ತರಗತಿಯಲ್ಲಿ ಆ ಹುಡುಗ ಎಂದಿನಂತೆ ಎರಡನೆಯ ಸಾಲಿನಲ್ಲಿ ಕೂರುತ್ತಿದ್ದ, ಪ್ರಶ್ನೆ ಕೇಳುತ್ತಿದ್ದ. ನಾನು ಮಾತ್ರ ಉತ್ತರ ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದೆ.

ಮರುವರ್ಷ ಪರೀಕ್ಷೆಗಳು ಮುಗಿದು ಹಲಗೆಯ ತುಂಬ ‘ಮಾರಾಟಕ್ಕಿದೆ’ ತುಂಬಿತು. ಅವುಗಳಲ್ಲಿ ಒಂದರ ಅಕ್ಷರದ ಗುರುತು ಈ ಬಾರಿ ನನಗೆ ಸಿಕ್ಕಿತು. ಒಂದು ಸೈಕಲ್, ಒಂದು ಸ್ಟವ್, ಕೆಲವು ಹಳಗನ್ನಡ ಪುಸ್ತಕಗಳು. ಪಡುವಾರಹಳ್ಳಿಯ ವಿಳಾಸ. ಕೊನೆಯ ಸಾಲು: ‘ಸಂಜೆ ಐದರ ಮೇಲೆ ಯಾರು ಬೇಕಾದರೂ ಬರಬಹುದು.’

ಹೋಗುವುದೋ ಬೇಡವೋ ಎಂದು ಕೆರೆಯ ಏರಿಯ ಮೇಲೆ ಎರಡು ಸುತ್ತು ಹಾಕಿ, ಹೋದೆ. ಹೆಂಚಿನ ಮನೆಯ ಹಿಂಬದಿಯ ಒಂದು ಕೋಣೆ. ಇದ್ದ ಒಂದು ಕುರ್ಚಿಯನ್ನು ನನಗೆ ಕೊಟ್ಟು, ತಾನು ಪುಸ್ತಕ ಕಟ್ಟಿಟ್ಟಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತ. ‘ಸ್ಟವ್ ಮಾರಾಟ ಆಯ್ತು ಸಾರ್. ನಾಳೆ ತೊಗೊಂಡು ಹೋಗ್ತಾರೆ. ಇವತ್ತಿನ ಮಟ್ಟಿಗೆ ನಮ್ಮದೇ’ ಎಂದು ನಕ್ಕು, ಅದಕ್ಕೆ ಗಾಳಿ ಒತ್ತಿ ಹಚ್ಚಿ, ಚಹಾ ಮಾಡಿದ. ಕುಡಿದೆ. ಶಬ್ದಮಣಿದರ್ಪಣದ ಪ್ರತಿಯೊಂದಿತ್ತು, ಕೊಳ್ಳುತ್ತೇನೆಂದೆ. ನಿಮ್ಮಿಂದ ದುಡ್ಡು ಬೇಡವೆನ್ನುತ್ತಾನೆಂದು ಭಾವಿಸಿದ್ದೆ; ಅನ್ನಲಿಲ್ಲ. ಬೆಲೆ ಹೇಳಿ, ಎಣಿಸಿ ತೆಗೆದುಕೊಂಡು, ಚಿಲ್ಲರೆ ಕೊಟ್ಟ.

ಎದ್ದು ಹೊರಡುವಾಗ ನಾನೇ ಆ ಮಾತು ಎತ್ತಬೇಕೆಂದಿದ್ದೆ. ಅವನೇ ಕೇಳಿದ: ‘ಆ ರೂಮಿಗೆ ಯಾರು ಬಂದರು ಸಾರ್?’

‘ನಮ್ಮ ಕಡೆಯವನೇ ಒಬ್ಬ.’

‘ಒಳ್ಳೇದಾಯ್ತು ಸಾರ್. ರೂಮು ಖಾಲಿ ಬಿಡಬಾರದು’ ಎಂದು ಗೇಟಿನವರೆಗೆ ಬಂದು ಕಳುಹಿಸಿಕೊಟ್ಟ.

ಆ ಪ್ರತಿ ಈಗಲೂ ನನ್ನ ಬಳಿ ಇದೆ. ಕೊನೆಯ ಪ್ರಕರಣದ ಪುಟಗಳ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಟಿಪ್ಪಣಿಗಳಿವೆ. ಕೇಶಿರಾಜ ಅವ್ಯಯಗಳನ್ನು ಹೇಳುವುದು ಅಲ್ಲಿಯೇ.

ಈಚೆಗೆ ಮಹಡಿಯ ಕೊಠಡಿ ಮತ್ತೆ ಖಾಲಿಯಾಯಿತು. ಬೋರ್ಡನ್ನು ನೋಡುವವರು ಈಗ ಕಡಿಮೆ. ರೂಮು, ಸೈಕಲ್, ಜೊತೆಗಾರ ಎಲ್ಲವೂ ಫೋನಿನೊಳಗೇ ಸಿಕ್ಕುತ್ತವೆಂದು ಮೊಮ್ಮಗ ಹೇಳಿದ. ಅವನೇ ಕುಳಿತು ನಮೂನೆಯೊಂದನ್ನು ತುಂಬತೊಡಗಿದ. ಅಳತೆ, ಬಾಡಿಗೆ, ನೀರು, ಎಲ್ಲ ಕೇಳಿ ಬರೆದುಕೊಂಡ. ಬಳಿಕ, ‘ತಾತ, ಯಾರಿಗೆ ಕೊಡ್ತೀರಿ ಅಂತ ಕೇಳ್ತಿದೆ. ಸಸ್ಯಾಹಾರಿಗಳಿಗೆ ಮಾತ್ರ ಅಂತ ಇದೆ, ಕುಟುಂಬದವರಿಗೆ ಅಂತ ಇದೆ. ಯಾವುದು ಒತ್ತಲಿ?’ ಎಂದ.

‘ಅದನ್ನು ಖಾಲಿ ಬಿಡು’ ಎಂದೆ.

ಬಿಟ್ಟು ನೋಡಿದ. ‘ಖಾಲಿ ಬಿಟ್ಟರೆ ಮುಂದಕ್ಕೆ ಹೋಗೋಲ್ಲ ತಾತ’ ಎಂದ.

ಒಂದು ಬಿಳಿಯ ಹಾಳೆ ತೆಗೆದುಕೊಂಡು ನಾನೇ ಬರೆದೆ. ಕೊಠಡಿ ಬಾಡಿಗೆಗಿದೆ, ನೀರು ಇದೆ, ಮೆಟ್ಟಿಲು ಹೊರಗಿನಿಂದ. ಮರುದಿನ ಬೆಳಿಗ್ಗೆ ಕೆರೆಯ ಮೇಲೆ ಹಾಯ್ದು ಕ್ಯಾಂಟೀನಿನ ಗೋಡೆಯ ಬಳಿ ಹೋದೆ. ಹಲಗೆಯ ಮೇಲೆ ಬೇಕಾದಷ್ಟು ಜಾಗವಿತ್ತು. ಪಿನ್ನು ತರುವುದನ್ನು ಮರೆತಿದ್ದೆ. ಪಕ್ಕದ ಹಳೆಯ ಚೀಟಿಯೊಂದರಿಂದ ಕಿತ್ತುಕೊಂಡೆ.